ದುಡಿಯುವ ನಾಯಿಗೆ ಏನನ್ನು ಉಣಿಸಬೇಕು?

ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಅದು ಕ್ರಿ.ಶ. ೯೪೯-೫೦ರ ಕಾಲದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ಗಂಗ ಬೂತುಗನ ನೆರವಿನಿಂದ ತಕ್ಕೋಲದ ಕಾಳಗದಲ್ಲಿ ಚೋಳರನ್ನು ಗೆದ್ದ ವೃತ್ತಾಂತಕ್ಕಾಗಿ ಇತಿಹಾಸಜ್ಞರು ಅದನ್ನು ಬಹುವಾಗಿ ಉದಾಹರಿಸುವರು. ಆದರೆ ಕಲ್ಲು ನೆಟ್ಟದ್ದು ಚೋಳರ ಸೋಲನ್ನು ಸಾರುವದಕ್ಕೆ ಮಾತ್ರವಲ್ಲ. ಆ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಪ್ರಭುವು ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದಾಗ ಆತನು ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಮಡಿದವು. ಕಲ್ಲು ನಿಂತದ್ದು ಕಾಳಿಗಾಗಿ. ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಆ ಸ್ಥಾನದ ಗೊರವನು ಉಂಡರೆ ಆ ನಾಯಿ ಗೈದ ಪಾಪ ಅವನಿಗೆ ತಟ್ಟುವದೆಂದು ಕಟ್ಟಳೆಯನ್ನೂ ಬರೆಯಿಸಿದರು.

ಸತ್ತ ನಾಯಿಯ ಪೂಜೆಯಾಗುವ ಮೊದಲು ಪೂಜಾರಿಯು ಉಣ್ಣಕೂಡದೆಂದ ನಾಡು ಇದು. ಇದೇ ನಾಡಿನಲ್ಲಿ ಬದುಕಿರುವ ನಾಯಿಯು ಎಲ್ಲರ ಊಟವಾದ ಮೇಲೆ ಉಳಿದುದನ್ನು ನೆಕ್ಕಬೇಕು; ಉಳಿಯದಿದ್ದರೆ ಅದಕ್ಕೆ ಅಂದು ಏಕಾದಶಿ. ದೈನ್ಯದ ಪರಮಾವಧಿಯನ್ನು ಹೇಳಬೇಕಾದಾಗ ನಮಗೆ ನಾಯಿಪಾಡು ಎಂಬ ಒಂದು ಮಾತು ಸಾಕಾಗುವದು. ಬೀದಿಯ ನಾಯಿಯ ಪ್ರಶ್ನೆ ಬೇರೆ. ಅದನ್ನು ಇಲ್ಲಿ ಎತ್ತುವದಿಲ್ಲ. ಕುರಿಯ ಹಿಂಡನ್ನು ತೋಳದಿಂದ ಕಾಯುವ, ಹೊಲವನ್ನು ರಾತ್ರಿಯೆಲ್ಲ ಸುತ್ತುವ, ಸೈನ್ಯದಲ್ಲಿ ಸಿಡಿಮದ್ದಿನ ವಾಸನೆ ಹಿಡಿಯುವ ನಾಯಿಯು ನಮ್ಮಿಂದ ದಾನ ಬೇಡುತ್ತಿಲ್ಲ. ಅದು ಕೂಲಿಯಾಳು, ಅದರ ಕೂಲಿ ಅನ್ನವೊಂದೇ. ಆ ಕೂಲಿಯನ್ನು ಯಾವ ಲೆಕ್ಕದಿಂದ ಕೊಡಬೇಕೆಂಬುದೇ ನಮ್ಮ ಇಂದಿನ ವಿಷಯ.

ಈ ಪ್ರಶ್ನೆಗೆ ಈಗ ವಿಶೇಷ ಪ್ರಸ್ತುತತೆ ಬಂದಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಗೆ ಒಂದೆರಡು ದಶಕಗಳಲ್ಲಿ ದೊರೆತ ಮನ್ನಣೆಯು ಅಲ್ಪವಾದುದಲ್ಲ. ೨೦೦೫ರಲ್ಲಿ ಅಂಚೆಯ ಇಲಾಖೆಯವರು ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ ಈ ತಳಿಗಾಗಿಯೇ ಸಂಶೋಧನ ಕೇಂದ್ರವಿದೆ. ೨೦೧೬ರಲ್ಲಿ ಮರಿಗಳನ್ನು ಮೀರತ್ತಿನ ಸೈನಿಕ ಕೇಂದ್ರಕ್ಕೆ ತರಬೇತಿಗಾಗಿ ಒಯ್ದರು. ೨೦೨೦ರ ಆಗಸ್ಟದಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ಇದರ ಹೆಸರೆತ್ತಿ, ನಾಯಿಯನ್ನು ಸಾಕುವವರು ದೇಶೀ ತಳಿಯನ್ನೇ ಸಾಕಬೇಕೆಂದು ಹೇಳಿದರು. ಸ್ವದೇಶೀ ಎಂಬ ಮಾತಿಗೆ ಕಿವಿ ನಿಮಿರುವ ನಮ್ಮಂಥವರಿಗೆ ಇದರಿಂದ ಸಂತೋಷವಾಗದೆ ಇರದು. ಆದರೆ ಪಟ್ಟಣಿಗರು ಮರಿಯನ್ನು ಕೊಂಡು ಮನೆಗೆ ತಂದ ಮರುದಿನವೇ ಒಂದು ಪ್ರಶ್ನೆ ಏಳುವದು: ಇದಕ್ಕೆ ಹಾಕುವದೇನು? ಒಬ್ಬರು ಹೇಳುವರು, ಜೋಳದ ದೇಶದ ನಾಯಿಗೆ ಜೋಳವೇ ಸಾಕು, ಅದರ ಅಜ್ಜ ಮುತ್ತಜ್ಜರೆಲ್ಲ ಅದನ್ನೇ ತಿಂದು ಬದುಕಿದವು ಎಂದು. ಮತ್ತೊಬ್ಬರು, ಅಂಗಡಿಯ ಪೊಟ್ಟಣದ ಹೊರತು ಬೇರೊಂದನ್ನು ಹಾಕಿದರೆ ಪಾಪವೆಂದು. ಇನ್ನೊಬ್ಬರು, ನಾಯಿಯು ತೋಳನ ಸಂತತಿ, ಅದಕ್ಕೆ ಹಸಿಮಾಂಸವೊಂದೇ ಧರ್ಮವೆಂದು. ಮೂವರೂ ಪೂರ್ತಿ ತಪ್ಪಿದವರಲ್ಲ. ಆದರೆ ಮೂವರ ಮಾತನ್ನೂ ಪರೀಕ್ಷಿಸದೆ ನಂಬುವ ಹಾಗಿಲ್ಲ.

ಮೂರನೆಯವರ ಮಾತನ್ನೇ ಮೊದಲು ತೆಗೆದುಕೊಳ್ಳೋಣ, ಅದಕ್ಕೆ ಉತ್ತರ ಸುಲಭ. ನಾಯಿಯು ತೋಳನಿಂದ ಬಂದದ್ದು ನಿಜ. ಆದರೆ ಮನುಷ್ಯನ ಒಲೆಯ ಮಗ್ಗುಲಿಗೆ ಸಾವಿರಾರು ವರ್ಷ ಮಲಗಿದ ಪ್ರಾಣಿಯ ಕರುಳು ಕಾಡಿನ ಕರುಳಾಗಿ ಉಳಿಯಲಿಲ್ಲ. ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು ೨೦೧೩ರಲ್ಲಿ ಪ್ರಕಟಿಸಿದ ಮೇರೆಗೆ, ಪಿಷ್ಟವನ್ನು ಜೀರ್ಣಿಸುವ ರಸವನ್ನು ಉಂಟುಮಾಡುವ ವಂಶವಾಹಿಯು ತೋಳನಲ್ಲಿ ಎರಡೇ ಪ್ರತಿಗಳಿದ್ದರೆ ನಾಯಿಯಲ್ಲಿ ಅದರ ಎಷ್ಟೋ ಪಟ್ಟು ಇರುವದು. ರೊಟ್ಟಿಯ ಚೂರನ್ನು ತಿಂದು ಅರಗಿಸಿಕೊಳ್ಳುವ ಶಕ್ತಿಯು ನಾಯಿಗೆ ನಮ್ಮ ಸಹವಾಸದಿಂದ ಬಂದದ್ದು. ಆದುದರಿಂದ ಕುರುಬನು ತನ್ನ ನುಚ್ಚಿನಲ್ಲಿ, ತನ್ನ ಅಂಬಲಿಯಲ್ಲಿ ನಾಯಿಗೆ ಪಾಲು ಕೊಟ್ಟದ್ದು ಅಜ್ಞಾನವಲ್ಲ. ಚೆನ್ನಾಗಿ ಬೇಯಿಸಿದ ಧಾನ್ಯವು ನಾಯಿಗೆ ಒಗ್ಗುವ ಆಹಾರವೇ ಸರಿ.

ಇಷ್ಟನ್ನು ಒಪ್ಪಿದ ಮೇಲೆ ಜೋಳದ ಅಭಿಮಾನಿಗಳ ಕಡೆಗೆ ತಿರುಗಬೇಕಾಗಿದೆ. ಜೋಳವನ್ನುಂಡು ಬೆಳೆದ ನಮಗೆ ಅದರ ವಿಷಯದಲ್ಲಿ ಹಗುರವಾಗಿ ಆಡಲು ಮನಸ್ಸು ಬಾರದು. ಆದರೂ ಸತ್ಯವನ್ನು ಹೇಳಲೇಬೇಕು. ಆ ಸತ್ಯವನ್ನು ಕಂಡುಹಿಡಿದವರೂ ಪರದೇಶಿಗಳಲ್ಲ.

ಅಮೇರಿಕದ ದಕ್ಷಿಣ ಪ್ರಾಂತಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗೋವಿನಜೋಳವನ್ನೇ ಉಣ್ಣುವ ಬಡವರಿಗೆ ಪೆಲಾಗ್ರ ಎಂಬ ರೋಗವು ಬಹಳವಾಗಿ ಬರುತ್ತಿತ್ತು. ಚರ್ಮ ಸುಟ್ಟಂತಾಗುವದು, ಅತಿಸಾರ, ಕಡೆಗೆ ಚಿತ್ತಭ್ರಮೆ. ಅದೇ ಮನೆಗಳ ನಾಯಿಗಳಿಗೆ ನಾಲಗೆ ಕಪ್ಪಾಗಿ, ಬಾಯಿ ಹುಣ್ಣಾಗಿ, ಆಹಾರ ಬಿಟ್ಟು ಸಾಯುವ ಕರಿನಾಲಗೆಯ ರೋಗ. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು ಎರಡೂ ಒಂದೇ ಕೊರತೆಯಿಂದ ಹುಟ್ಟುವವೆಂದು ಊಹಿಸಿ, ನಾಯಿಗಳ ಮೇಲೆ ಪ್ರಯೋಗ ನಡೆಯಿಸಿದರು. ಆ ಕೊರತೆ ಯಾವುದೆಂಬುದು ಅವರ ಜೀವಮಾನದಲ್ಲಿ ತಿಳಿಯಲಿಲ್ಲ. ೧೯೩೭ರಲ್ಲಿ ವಿಸ್ಕಾನ್ಸಿನ್ನಿನ ಎಲ್ವೆಜೆಮ್ ಎಂಬವರು ನಿಕೋಟಿನಿಕ್ ಆಮ್ಲವೆಂಬ ಜೀವಸತ್ವವನ್ನು ಕೊಟ್ಟು ನಾಯಿಗಳ ಕರಿನಾಲಗೆಯನ್ನು ವಾಸಿಮಾಡಿದರು. ಬೇಗನೆ ಅದೇ ಔಷಧದಿಂದ ಮನುಷ್ಯರ ಪೆಲಾಗ್ರವೂ ಗುಣವಾಯಿತು.

ನಮ್ಮ ಕಡೆಯ ಕಥೆ ಇಲ್ಲಿಂದ ಮುಂದಿನದು. ದಖ್ಖನದ ಜೋಳವುಣ್ಣುವ ಬಡವರಲ್ಲಿಯೂ ಪೆಲಾಗ್ರ ಇರುವದನ್ನು ಹೈದರಾಬಾದಿನ ಆಹಾರ ಸಂಶೋಧನಾಲಯದ ಡಾಕ್ಟರ್ ಸಿ. ಗೋಪಾಲನ್ನರು ೧೯೬೦ರ ಸುಮಾರಿಗೆ ಎತ್ತಿ ತೋರಿಸಿದರು. ಗೋವಿನಜೋಳಕ್ಕೂ ನಮ್ಮ ಜೋಳಕ್ಕೂ ಬೇರೆ ಬೇರೆ ಗುಣವಿದ್ದರೂ ರೋಗ ಒಂದೇ ಹೇಗೆ ಬಂತು? ೧೯೬೫ರಲ್ಲಿ ಅದೇ ಸಂಶೋಧನಾಲಯದ ಭವಾನಿ ಬೆಳವಾಡಿಯವರು ಗೋಪಾಲನ್ನರೊಡನೆ ನಾಯಿಗಳಿಗೆ ಜೋಳದ ಆಹಾರವನ್ನು ಉಣಿಸಿ, ಅವುಗಳಲ್ಲಿ ಕರಿನಾಲಗೆಯನ್ನು ಉಂಟುಮಾಡಿ ತೋರಿಸಿದರು. ಬೆಳವಾಡಿಯೆಂಬ ಹೆಸರನ್ನು ಕೇಳಿದೊಡನೆ ಮಲ್ಲಮ್ಮನ ನಾಡು ನಮ್ಮ ನೆನಪಿಗೆ ಬರುವದು. ಆದರೆ ಈ ಕೆಲಸವು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಜೋಳದಲ್ಲಿ ಲೂಸಿನ್ ಎಂಬ ಅಂಶವು ಮಿತಿಮೀರಿ ಇರುವದೇ ಕಾರಣವೆಂದು ಅವರು ಅಂದು ಪ್ರತಿಪಾದಿಸಿದರು. ಆ ಕಾರಣವನ್ನು ಕುರಿತು ಪಂಡಿತರಲ್ಲಿ ಮುಂದೆ ವಾದವಾಯಿತು. ನಾಯಿಯ ನಾಲಗೆ ಕಪ್ಪಾದದ್ದಂತೂ ವಾದದ ವಿಷಯವಲ್ಲ.

ಹಾಗಾದರೆ ಮುಧೋಳದ ಹಳ್ಳಿಗಳ ನಾಯಿಗಳು ಇಷ್ಟು ಕಾಲ ಹೇಗೆ ಬದುಕಿದವು ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅವು ಜೋಳವೊಂದನ್ನೇ ತಿನ್ನಲಿಲ್ಲವೆಂಬುದೇ ಉತ್ತರ. ಹಟ್ಟಿಯಲ್ಲಿ ಕುರಿಯ ಹಾಲಿತ್ತು, ಮಜ್ಜಿಗೆ ಇತ್ತು, ಸತ್ತ ಕುರಿಯ ಮಾಂಸವಿತ್ತು. ನಾಯಿಯು ತಾನಾಗಿ ಮೊಲವನ್ನೋ ಹೆಗ್ಗಣವನ್ನೋ ಹಿಡಿದು ತಿಂದು ಬರುತ್ತಿತ್ತು. ಬಟ್ಟಲಿನಲ್ಲಿ ಕಾಣುತ್ತಿದ್ದದ್ದು ನುಚ್ಚು ಮಾತ್ರ; ಹೊಟ್ಟೆಯಲ್ಲಿ ಇದ್ದದ್ದು ಬೇರೆಯೂ ಉಂಟು. ಈಗ ಬೇಟೆಯು ಕಾಯಿದೆಯಿಂದ ನಿಷಿದ್ಧವಾಗಿದೆ, ಅದು ಯುಕ್ತವೇ. ನಾಯಿಯು ಧಾರವಾಡದಲ್ಲಿಯೋ ಬೆಂಗಳೂರಿನಲ್ಲಿಯೋ ಸರಪಳಿಗೆ ಬಿದ್ದಿದೆ. ಹಳೆಯ ಬಟ್ಟಲಿನ ಕಾಣುವ ಭಾಗವನ್ನು ಮಾತ್ರ ಉಳಿಸಿಕೊಂಡು ಕಾಣದ ಭಾಗವನ್ನು ಬಿಟ್ಟು, ಇದೇ ನಮ್ಮ ಸಂಪ್ರದಾಯವೆಂದು ಹೇಳುವದು ಸಂಪ್ರದಾಯಕ್ಕೇ ಮಾಡುವ ಅಪಚಾರ.

ಲೆಕ್ಕವನ್ನು ಅಂಕಿಗಳಲ್ಲಿ ನೋಡೋಣ. ಸುಮಾರು ೨೫ ಕಿಲೋ ತೂಕದ, ಸಾಧಾರಣವಾಗಿ ಓಡಾಡುವ ನಾಯಿಗೆ ದಿನಕ್ಕೆ ೧,೪೫೦ ಕ್ಯಾಲರಿಗಳಷ್ಟು ಶಕ್ತಿ ಬೇಕು. ಜೋಳದ ಹಿಟ್ಟಿನಿಂದಲೇ ಅದನ್ನು ಪೂರೈಸಬೇಕಾದರೆ ೪೨೦ರಿಂದ ೪೩೦ ಗ್ರಾಂ ಬೇಕಾಗುವದು. ಹೊಟ್ಟೆಯೇನೋ ತುಂಬೀತು. ಆದರೆ ಜೋಳದಲ್ಲಿ ಸಸಾರಜನಕವು, ಎಂದರೆ ಪ್ರೊಟೀನು, ನೂರಕ್ಕೆ ಹತ್ತರಷ್ಟು. ಪ್ರಾಯದ ನಾಯಿಯ ಆಹಾರದಲ್ಲಿ ಒಣತೂಕಕ್ಕೆ ನೂರಕ್ಕೆ ೧೮ಕ್ಕೆ ಕಡಿಮೆ ಇರಕೂಡದೆಂದೂ ಬೆಳೆಯುವ ಮರಿಗೂ ಹಾಲೂಡುವ ತಾಯಿಗೂ ೨೨.೫ಕ್ಕೆ ಕಡಿಮೆ ಇರಕೂಡದೆಂದೂ ಅಮೇರಿಕದ ಪಶು ಆಹಾರ ನಿಯಾಮಕರ ಸಂಘವು ಗೊತ್ತುಮಾಡಿರುವದು. ಅದಲ್ಲದೆ ಜೋಳದ ಪ್ರೊಟೀನಿನಲ್ಲಿ ಲೈಸಿನ್ ಎಂಬ ಅವಶ್ಯ ಅಂಶವು ಬಹು ಕಡಿಮೆ; ಮಾಂಸಖಂಡವು ಅದಿಲ್ಲದೆ ಕಟ್ಟಲಾರದು. ಸುಣ್ಣದ ಅಂಶವಂತೂ ಇಲ್ಲವೆನ್ನುವಷ್ಟು ಅಲ್ಪ.

ಅದೇ ನಾಯಿಗೆ ಜೋಳದ ಅಥವಾ ಗೋಧಿಯ ನುಚ್ಚು ೨೫೦ ಗ್ರಾಂ, ಬೇಯಿಸಿದ ತತ್ತಿ ಎರಡು, ಕೋಳಿಯ ಇಲ್ಲವೆ ಕುರಿಯ ಮಾಂಸ ೧೫೦ ಗ್ರಾಂ, ಮೊಸರು ಒಂದು ಬಟ್ಟಲು, ಎರಡು ಚಮಚೆ ಎಣ್ಣೆ ಅಥವಾ ಕೊಬ್ಬು ಇಷ್ಟನ್ನು ಕೊಟ್ಟರೆ ಶಕ್ತಿಯು ಮೊದಲಿನಷ್ಟೇ ಆಗಿ ಪ್ರೊಟೀನು ಎಪ್ಪತ್ತು ಗ್ರಾಮಿನವರೆಗೆ ಏರುವದು. ತತ್ತಿಯ ಸಿಪ್ಪೆಯನ್ನು ಒಣಗಿಸಿ ನುಣ್ಣಗೆ ಅರೆದು ಅರ್ಧ ಚಿಕ್ಕ ಚಮಚೆ ಬೆರೆಸಿದರೆ ಸುಣ್ಣದ ಕೊರತೆ ನೀಗುವದು. ವಾರಕ್ಕೊಮ್ಮೆ ಸ್ವಲ್ಪ ಬೇಯಿಸಿದ ಯಕೃತ್ತು ಕೂಡಿದರೆ ಕರಿನಾಲಗೆಯ ಭಯವಿಲ್ಲ. ಮಾಂಸವು ಒಳಗೆ ಬಾರದ ಮನೆಗಳಲ್ಲಿ ತತ್ತಿ, ಮೊಸರು, ಬೇಳೆಗಳನ್ನು ಹೆಚ್ಚಿಸಬಹುದು. ನಾಯಿಯು ಬೆಕ್ಕಿನ ಹಾಗೆ ಮಾಂಸವಿಲ್ಲದೆ ಬದುಕಲಾರದ ಪ್ರಾಣಿಯಲ್ಲ. ಆದರೆ ತತ್ತಿಯನ್ನೂ ಒಲ್ಲೆನೆನ್ನುವ ಮನೆಯವರು ಬೇಟೆನಾಯಿಯ ಮರಿಯನ್ನು ತರುವ ಮೊದಲು ಎರಡು ಸಲ ವಿಚಾರಮಾಡುವದು ಮೇಲು. ಸತುವು, ಅಯೋಡೀನು ಮೊದಲಾದ ಸೂಕ್ಷ್ಮ ಅಂಶಗಳ ವಿಷಯವನ್ನು ಪಶುವೈದ್ಯರನ್ನೇ ಕೇಳಬೇಕು. ವೃತ್ತಪತ್ರಿಕೆಯ ಅಂಕಣವು ಔಷಧದ ಚೀಟಿಯಲ್ಲ.

ಇನ್ನು ಕೆಲಸಕ್ಕೂ ಆಹಾರಕ್ಕೂ ಇರುವ ಸಂಬಂಧ. ಅಲಾಸ್ಕದಲ್ಲಿ ೧೯೭೩ರಿಂದ ನಡೆಯುತ್ತಿರುವ ಇಡಿಟರೋಡ್ ಎಂಬ ಹಿಮಬಂಡಿಯ ಪಂದ್ಯದಲ್ಲಿ ನಾಯಿಗಳು ಸುಮಾರು ಸಾವಿರ ಮೈಲು ಓಡುವವು. ಅವುಗಳ ತೂಕವು ನಮ್ಮ ಮುಧೋಳದ ನಾಯಿಯ ತೂಕದಷ್ಟೇ. ಉಣ್ಣುವದೋ ದಿನಕ್ಕೆ ಹತ್ತು ಸಾವಿರ ಕ್ಯಾಲರಿಯವರೆಗೆ, ಅದರಲ್ಲಿ ಹೆಚ್ಚಿನ ಭಾಗ ಕೊಬ್ಬು. ಒಂದೇ ತೂಕದ ಎರಡು ನಾಯಿಗಳಲ್ಲಿ ಒಂದಕ್ಕೆ ಇನ್ನೊಂದರ ಏಳು ಪಟ್ಟು ಆಹಾರ! ತಾಳಿ ತಾಳಿ ದಿನವೆಲ್ಲ ಓಡುವ ನಾಯಿಯ ದೇಹವು ಕೊಬ್ಬನ್ನು ಉರಿಸುವದು. ಒಂದೆರಡು ನಿಮಿಷ ಬಾಣದಂತೆ ಹಾರಿ ನಿಲ್ಲುವ ಬೇಟೆನಾಯಿಗೆ ಧಾನ್ಯದಿಂದ ಬರುವ ಶಕ್ತಿಯೂ ಬೇಕು. ಹಿಂಡಿನೊಡನೆ ಮಲೆನಾಡಿನ ಅಂಚಿನವರೆಗೂ ನಡೆಯುವ ಕುರುಬರ ನಾಯಿಯು ಮೊದಲಿನ ಜಾತಿಗೆ ಹತ್ತಿರ. ಪಟ್ಟಣದ ಅಂಗಳದಲ್ಲಿ ಸಂಜೆಗೊಮ್ಮೆ ಸುತ್ತು ಹಾಕುವ ನಾಯಿಯು ಈ ಎರಡೂ ಅಲ್ಲ. ಅದಕ್ಕೆ ಅಲಾಸ್ಕದ ಊಟವಿಕ್ಕಿದರೆ ಆರು ತಿಂಗಳಲ್ಲಿ ಕುಂಬಳಕಾಯಿಯಾಗುವದು.

ಆಹಾರದ ಆಯ್ಕೆಯಲ್ಲಿ ಒಂದು ತಪ್ಪು ಎಷ್ಟಕ್ಕೆ ಮುಟ್ಟುವದೆಂಬುದಕ್ಕೆ ದಕ್ಷಿಣಧ್ರುವದ ಉದಾಹರಣೆ ಪ್ರಸಿದ್ಧವಾದುದು. ೧೯೦೨ರಲ್ಲಿ ಕ್ಯಾಪ್ಟನ್ ಸ್ಕಾಟನು ಶ್ಯಾಕಲ್ಟನ್, ವಿಲ್ಸನ್ ಇವರೊಡನೆ ೧೯ ನಾಯಿಗಳನ್ನು ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟನು. ನಾಯಿಗಳಿಗೆಂದು ನಾರ್ವೆಯ ಒಣಮೀನನ್ನು ಹಡಗಿನಲ್ಲಿ ತಂದಿದ್ದರು. ಒಳ್ಳೆಯ ಆಹಾರವೇ, ಆದರೆ ಉಷ್ಣವಲಯವನ್ನು ದಾಟಿ ಬರುವಾಗ ಅದು ಕೆಟ್ಟಿತ್ತು. ಎಳೆಯುವ ನಾಯಿಗಳು ದಿನದಿನಕ್ಕೆ ಕುಗ್ಗಿದವು, ರಕ್ತ ಭೇದಿಸಿದವು, ಒಂದೊಂದಾಗಿ ಬಿದ್ದವು. ಮರಳಿ ಬರುವಾಗ ೧೯ರಲ್ಲಿ ಒಂದೂ ಉಳಿಯಲಿಲ್ಲ. ಮೂವರೂ ಬಂಡಿಯನ್ನು ತಾವೇ ಎಳೆದರು.

ಕೆಟ್ಟ ಆಹಾರದ ಮಾತು ಬಂದದ್ದರಿಂದ ನಮ್ಮ ದೇಶದ ಒಂದು ದುರಂತವನ್ನೂ ಇಲ್ಲಿ ಹೇಳಬೇಕು. ೧೯೭೪ರಲ್ಲಿ ರಾಜಸ್ಥಾನ ಗುಜರಾತಗಳ ಗಡಿಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳವನ್ನು ತಿಂದು ನೂರಕ್ಕೂ ಮಿಕ್ಕಿ ಜನರು ಕಾಮಾಲೆಯಾಗಿ ಸತ್ತರು. ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವು ಯಕೃತ್ತನ್ನು ಕೊಂದಿತ್ತು. ಅದೇ ಮನೆಗಳಲ್ಲಿ ಅದೇ ಧಾನ್ಯವನ್ನು ತಿಂದ ನಾಯಿಗಳೂ ಅದೇ ಲಕ್ಷಣಗಳಿಂದ ಸತ್ತಿದ್ದವು. ಈ ವಿಷಕ್ಕೆ ನಾಯಿಯ ದೇಹವು ಬಹು ಸೂಕ್ಷ್ಮ. ಮನುಷ್ಯರಿಗೆ ಬೇಡವಾದ ಮುಗ್ಗು ಹಿಟ್ಟು, ಕಪ್ಪುಬಿದ್ದ ಶೇಂಗಾ, ಮಳೆಯಲ್ಲಿ ನೆಂದ ಹಿಂಡಿ, ಇವು ನಾಯಿಗೆ ಸಾಕೆಂಬ ಪದ್ಧತಿಯು ಹಣವನ್ನುಳಿಸುವ ಮಾರ್ಗವಲ್ಲ, ನಾಯಿಯನ್ನು ಕಳೆದುಕೊಳ್ಳುವ ಮಾರ್ಗ. ನಮ್ಮ ಅಡಿಗೆಯ ಸಾರು ಪಲ್ಯಗಳಲ್ಲಿರುವ ಉಳ್ಳಾಗಡ್ಡಿಯೂ ಬಳ್ಳೊಳ್ಳಿಯೂ ನಾಯಿಯ ರಕ್ತಕಣಗಳನ್ನು ಒಡೆಯುವವು. ಮೇಲಾದ ಸಾರನ್ನು ಅನ್ನಕ್ಕೆ ಕಲಸಿ ಹಾಕುವ ಗೃಹಿಣಿಯರಿಗೆ ಇದು ತಿಳಿದಿರಬೇಕು.

ಈಗ ಹಸಿಮಾಂಸದ ವಾದಿಗಳಿಗೆ ಉಳಿದ ಅರ್ಧ ಉತ್ತರ. ಕುರಿಯನ್ನು ಕೊಯ್ದಾಗ ಅದರ ಯಕೃತ್ತಿನಲ್ಲಿಯೂ ಶ್ವಾಸಕೋಶದಲ್ಲಿಯೂ ನೀರು ತುಂಬಿದ ಗುಳ್ಳೆಗಳು ಕಂಡರೆ ಕಟುಕನು ಆ ಭಾಗವನ್ನು ಕತ್ತರಿಸಿ ನಾಯಿಗೆ ಎಸೆಯುವನು. ಇದಕ್ಕಿಂತ ಅಪಾಯಕರವಾದ ದಾನವು ಬೇರೊಂದಿಲ್ಲ. ಆ ಗುಳ್ಳೆಗಳು ಒಂದು ಜಾತಿಯ ಲಾಡಿಹುಳುವಿನ ಮರಿಗಳು. ನಾಯಿಯ ಕರುಳಿನಲ್ಲಿ ಅವು ಬೆಳೆದು ಮೊಟ್ಟೆಯಿಡುವವು. ಮೊಟ್ಟೆಗಳು ಮಲದೊಡನೆ ಹುಲ್ಲಿಗೆ ಬಿದ್ದು ಕುರಿಯ ಹೊಟ್ಟೆಗೆ ಸೇರುವವು. ನಾಯಿಯ ಮೈದಡವಿದ ಕೈಯಿಂದ ಮನುಷ್ಯನ ಹೊಟ್ಟೆಗೂ ಸೇರುವವು. ಅಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ತೆಂಗಿನಕಾಯಿಯಷ್ಟು ದೊಡ್ಡ ಗುಳ್ಳೆಯಾದದ್ದುಂಟು. ನಾಯಿಗೆ ಇದರಿಂದ ಬಾಧೆಯಿಲ್ಲ, ಬಾಧೆಯೆಲ್ಲ ಒಡೆಯನಿಗೆ.

ಐಸ್‌ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಈ ರೋಗವು ಜಗತ್ತಿನಲ್ಲಿಯೇ ಅತ್ಯಧಿಕವೆಂಬಷ್ಟು ಹಬ್ಬಿತ್ತು. ಕುರಿಯನ್ನೇ ನಂಬಿದ ದೇಶವದು, ಮನೆಮನೆಗೂ ನಾಯಿ. ಕ್ರಾಬೆ ಎಂಬ ಡೆನ್ಮಾರ್ಕಿನ ವಿದ್ವಾಂಸರು ೧೮೬೩ರಲ್ಲಿ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿ, ಮರುವರ್ಷ ಸಾಮಾನ್ಯ ಜನರು ಓದುವಂಥ ಒಂದು ಚಿಕ್ಕ ಪುಸ್ತಕ ಬರೆದರು. ನಾಯಿಗೆ ಹಸಿಯ ಒಳಮಾಂಸ ಹಾಕಬೇಡಿರಿ, ಗುಳ್ಳೆಯುಳ್ಳ ಭಾಗವನ್ನು ಸುಡಿರಿ ಅಥವಾ ಹೂಳಿರಿ ಎಂಬುದು ಅದರ ಸಾರ. ಅದನ್ನು ಮನೆಮನೆಗೆ ಹಂಚಿದರು. ಮುಂದೆ ಕಾನೂನೂ ಬಂತು. ಒಂದೆರಡು ತಲೆಮಾರುಗಳಲ್ಲಿ ರೋಗವು ಆ ದ್ವೀಪದಿಂದ ಕಾಲ್ತೆಗೆಯಿತು. ದೊಡ್ಡ ಔಷಧವಾಗಲಿ ಯಂತ್ರವಾಗಲಿ ಅಲ್ಲಿ ಇರಲಿಲ್ಲ. ಓದಬಲ್ಲ ರೈತರಿದ್ದರು, ಅವರ ಭಾಷೆಯಲ್ಲಿ ಒಂದು ಪುಸ್ತಕವಿತ್ತು. ನಮ್ಮ ಕುರಿಸಂತೆಗಳಲ್ಲಿ, ಕಸಾಯಿಖಾನೆಗಳ ಬಾಗಿಲಲ್ಲಿ ಕನ್ನಡದ ಒಂದು ಹಾಳೆಯನ್ನು ಹಂಚುವದು ನಗರಸಭೆ ಪಂಚಾಯತಿಗಳ ಅಧಿಕಾರಿಗಳಿಗೆ ಅಸಾಧ್ಯವಾದ ಕೆಲಸವೆ? ನಾಯಿಗೆ ಲಾಡಿಹುಳುವಿನ ಗುಳಿಗೆಯನ್ನು ನಿಯಮಿತವಾಗಿ ನುಂಗಿಸುವದೂ ಒಳಮಾಂಸವನ್ನು ಅರ್ಧ ತಾಸಿಗೆ ಕಡಿಮೆಯಿಲ್ಲದೆ ಕುದಿಸುವದೂ ಬಡಕುರುಬನಿಗೂ ಸಾಧ್ಯ.

ಪೊಟ್ಟಣದ ಆಹಾರದ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ೧೮೬೦ರ ಸುಮಾರಿಗೆ ಲಂಡನ್ನಿಗೆ ಬಂದ ಜೇಮ್ಸ್ ಸ್ಪ್ರಾಟ್ ಎಂಬ ಅಮೇರಿಕದವನು ಬಂದರಿನಲ್ಲಿ ನಾವಿಕರ ಗಟ್ಟಿ ಬಿಸ್ಕೀಟುಗಳನ್ನು ನಾಯಿಗಳು ಕಡಿಯುವದನ್ನು ಕಂಡು ಈ ವ್ಯಾಪಾರವನ್ನು ಹೂಡಿದನೆಂದು ಪ್ರತೀತಿ. ಇಂದಿನ ಒಳ್ಳೆಯ ಪೊಟ್ಟಣದಲ್ಲಿ ಎಲ್ಲ ಅಂಶಗಳೂ ಅಳತೆಯಿಂದ ಇರುವವು. ಸೈನ್ಯಕ್ಕೂ ಪೋಲೀಸಿಗೂ ಅದರಿಂದ ಅನುಕೂಲವಿದೆ. ಕೊಳ್ಳಬಲ್ಲವರು ಕೊಳ್ಳಲಿ. ಆದರೆ ಅದರ ಮೇಲಿನ ಚಿತ್ರವನ್ನು ನೋಡದೆ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ, ಪ್ರೊಟೀನು ಎಷ್ಟು, ಕೊಬ್ಬು ಎಷ್ಟು, ಮರಿಗೆಂದು ಮಾಡಿದ್ದೋ ದೊಡ್ಡದಕ್ಕೆಂದೋ ಎಂಬುದನ್ನು ತಿಳಿದು ಕೊಳ್ಳಬೇಕು. ಪೊಟ್ಟಣವನ್ನೂ ಕೊಟ್ಟು ಮೇಲೆ ಸುಣ್ಣದ ಗುಳಿಗೆಯನ್ನೂ ಕೊಡುವ ಅತಿಪ್ರೀತಿಯಿಂದ ಬೆಳೆಯುವ ಮರಿಯ ಎಲುಬುಗಳು ಸೊಟ್ಟಗಾದದ್ದುಂಟು.

ಉಣಿಸುವ ವೇಳೆಯೂ ಮುಖ್ಯ. ಮುಧೋಳದ ನಾಯಿಯ ಎದೆಯು ಆಳವಾದದ್ದು. ಅಂಥ ನಾಯಿಗಳು ಹೊಟ್ಟೆತುಂಬ ಉಂಡ ಕೂಡಲೆ ಓಡಿದರೆ ಜಠರವು ಉಬ್ಬಿ ತಿರುಚಿಕೊಳ್ಳುವ ಭಯವಿದೆ, ಕೆಲವು ತಾಸುಗಳಲ್ಲಿ ಪ್ರಾಣವೇ ಹೋಗಬಹುದು. ಆದ್ದರಿಂದ ಹಿರಿಯ ಊಟವು ಕೆಲಸ ಮುಗಿದು ನಾಯಿಯು ದಣಿವಾರಿಸಿಕೊಂಡ ಮೇಲೆ. ಕೆಲಸಕ್ಕೆ ಮುಂಚೆ ಏನಾದರೂ ಕೊಡುವದಿದ್ದರೆ ಎರಡು ಮೂರು ತಾಸು ಮೊದಲು, ಅದೂ ಸ್ವಲ್ಪ. ನೀರು ಮಾತ್ರ ಯಾವಾಗಲೂ ಹತ್ತಿರವಿರಬೇಕು. ಬೇಯಿಸಿದ ಎಲುಬನ್ನು ಎಂದೂ ಹಾಕಬಾರದು. ಅದು ಚೂಪಾಗಿ ಸೀಳಿ ಕರುಳನ್ನು ಹರಿಯುವದು.

ಹಾಕಿದ್ದು ಸಾಕೋ ಹೆಚ್ಚೋ ಎಂದು ತಿಳಿಯುವದಕ್ಕೆ ತಕ್ಕಡಿಗಿಂತ ಕೈಯೇ ವಾಸಿ. ಅಂಗೈಯನ್ನು ಪಕ್ಕೆಯ ಮೇಲೆ ಹಗುರಾಗಿ ಆಡಿಸಿದರೆ ಎಲುಬುಗಳು ಎಣಿಕೆಗೆ ಸಿಕ್ಕಬೇಕು, ಆದರೆ ಚುಚ್ಚಬಾರದು. ಬೇಟೆನಾಯಿಯ ಕೊನೆಯ ಎರಡು ಮೂರು ಪಕ್ಕೆಲುಬುಗಳು ಹೊರಗೆ ಕಾಣುವದೇ ಅದರ ಸಹಜವಾದ ಕಟ್ಟು. ಇದನ್ನರಿಯದ ನೆರೆಹೊರೆಯವರು ಪಾಪ, ನಾಯಿಗೆ ಹೊಟ್ಟೆಗಿಲ್ಲವೆಂದು ಮರುಕಪಟ್ಟು ಗೋಡೆಯಾಚೆಯಿಂದ ರೊಟ್ಟಿಯನ್ನು ಎಸೆಯುವದುಂಟು. ಅವರಿಗೆ ಒಂದು ಮಾತು ತಿಳಿಸಿ ಇಡುವದೂ ನಾಯಿಯ ಒಡೆಯನ ಕೆಲಸದಲ್ಲಿ ಸೇರಿದ್ದೇ.